ಲಾಳಿ ದಪ್ಪದ ಚುಟ್ಟಾ

ಇಳಕಲ್ಲಿನ ನೇಕಾರ ಓಣಿಯಲ್ಲಿ ಜಗಳ ಬಿಡಿಸುವವರಿಗೆ ಬರವಿರಲಿಲ್ಲ. ಬಿಡಿಸಲು ಹೋಗಿ ತಾವೇ ಎರಡು ಹಾಕಿಸಿಕೊಂಡು ಬಂದವರಿದ್ದರು. ಬಿಡಿಸುತ್ತೇನೆಂದು ಹೋಗಿ ಉರಿಯುವ ಒಲೆಗೆ ಇನ್ನೆರಡು ಕಟ್ಟಿಗೆ ಒಟ್ಟಿ ಬಂದವರೂ ಇದ್ದರು. ಆದರೆ ಕೂತ ಜಾಗದಿಂದ ಏಳದೆ, ದನಿ ಎತ್ತದೆ, ಬರೀ ಒಂದು ಚುಟ್ಟಾದ ಮೇಲೆ ಜಗಳ ಮುಗಿಸುತ್ತಿದ್ದವನು ಅಮಾತೆಪ್ಪ ಒಬ್ಬನೇ.

ಅವನ ಕಸುಬು ಕುಣಿಮಗ್ಗ. ಅಜ್ಜ ಕಾಲಿಳಿಬಿಟ್ಟು ನೇಯ್ದ ಕುಣಿಯಲ್ಲೇ ಅಪ್ಪ ಕಾಲಿಳಿಬಿಟ್ಟ, ಅಪ್ಪನ ನಂತರ ಇವನು. ಬೆಳಿಗ್ಗೆ ಇಳಿದು ಕೂತನೆಂದರೆ ಸೊಂಟದ ಕೆಳಗೆ ನೆಲ, ಸೊಂಟದ ಮೇಲೆ ಅಮಾತೆಪ್ಪ. ಸೀರೆ ಚೆನ್ನಾಗಿಯೇ ನೇಯುತ್ತಿದ್ದ, ಸುಳ್ಳು ಹೇಳಬಾರದು. ಆದರೆ ಇಳಕಲ್ಲಿನಲ್ಲಿ ಸೀರೆ ಚೆನ್ನಾಗಿ ನೇಯುವವನನ್ನು ಯಾರು ಹೊಗಳುತ್ತಾರೆ? ಮೀನಿಗೆ ಈಜು ಬರುತ್ತದೆಂದು ಹೊಗಳಿದ ಹಾಗಾಯಿತು ಅದು. ಅವನಿಗೆ ಹೆಸರು ತಂದದ್ದು ಚುಟ್ಟಾ. ತಂಬಾಕಿನ ಎಲೆಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿ, ಒಳಗೆ ಮುರಿದ ಎಲೆ ತುಂಬಿ, ತೊಡೆಯ ಮೇಲೆ ಉರುಳಿಸಿ ಸುತ್ತಿದರೆ ಚುಟ್ಟಾ ಆಯಿತು. ಅದನ್ನು ಯಾರು ಬೇಕಾದರೂ ಸುತ್ತಬಹುದು. ಎಷ್ಟು ದಪ್ಪ ಸುತ್ತಬೇಕೆಂಬುದು ಮಾತ್ರ ಅಮಾತೆಪ್ಪನಿಗೇ ಗೊತ್ತು ಎಂದು ಓಣಿ ನಂಬಿತ್ತು. ಓಣಿಗಿಂತ ಮೊದಲು ಅಮಾತೆಪ್ಪ ನಂಬಿದ್ದ.

“ಸಣ್ಣ ಚುಟ್ಟಾ ಸಣ್ಣ ಮನಷ್ಯಾ ಇದ್ದಂಗ್ರಿ,” ಎನ್ನುತ್ತಿದ್ದ ಕೇಳಿದವರಿಗೂ ಕೇಳದವರಿಗೂ. “ಲಗೂನ ಬಿಸಿ ಆಗ್ತೈತಿ. ಬೆಂಕಿ ಓಡಿ ಬರ್ತೈತಿ, ಹೊಗಿ ಖಾರ, ನಾಲಿಗಿ ಚುರ್ ಅಂತೈತಿ. ನಾಲಿಗಿ ಸುಟ್ಟಾವನ ಬಾಯಾಗ ಮೆತ್ತನ್ನ ಮಾತು ಎಲ್ಲಿಂದ ಬರಬೇಕ್ರಿ? ದಪ್ಪಂದು ಹಂಗಲ್ಲ. ಬೆಂಕಿ ಸಾವಕಾಶ ನಡಕೋತ ಬರ್ತೈತಿ. ಹೊಗಿ ತಣ್ಣಗಾಗಿ ಬಾಯಿ ತುಂಬ್ತೈತಿ. ಬಾಯಿ ತುಂಬಿದಾವ ಮಾತಾಡಂಗಿಲ್ಲ, ಎದುರಿನವಂದು ಕೇಳ್ತಾನ. ಕೇಳಿದಾ ಅಂದ್ರ ಅರ್ಧ ಜಗಳ ಅಲ್ಲೇ ಮುಗೀತು.”

ಅವನ ಅಪ್ಪನ ಕಾಲದಿಂದಲೂ ಆ ಓಣಿಗೊಂದು ಪದ್ಧತಿ ಇತ್ತು. ಮಾತುಕತೆಗೆ ಕೂತರೆ ನಡುವೆ ಒಂದು ಚುಟ್ಟಾ ಹಚ್ಚಬೇಕು. ಅದು ಈ ಕಡೆಯವರಿಂದ ಆ ಕಡೆಯವರಿಗೆ, ಆ ಕಡೆಯವರಿಂದ ಈ ಕಡೆಯವರಿಗೆ ಓಡಾಡಬೇಕು. ಎಂಜಲಾಗಬಾರದಲ್ಲ, ಅದಕ್ಕೆ ತುಟಿ ತಾಗಿಸದೆ ಮುಷ್ಟಿಯಲ್ಲಿ ಸಿಕ್ಕಿಸಿಕೊಂಡು, ಹೆಬ್ಬೆರಳ ಸಂದಿಗೆ ಬಾಯಿ ಕೊಟ್ಟು ಎಳೆಯಬೇಕು. ಚುಟ್ಟಾ ಮುಗಿಯುವ ತನಕ ಯಾರೂ ಏಳುವಂತಿಲ್ಲ. ಎದ್ದವನ ಮನೆಗೆ ಒಳ್ಳೆಯದಾಗುವುದಿಲ್ಲ. ಉರಿಯುವುದನ್ನು ನಡುವೆ ಆರಿಸುವಂತೆಯೂ ಇಲ್ಲ. ಆರಿಸಿದವನ ಮಾತಿಗೆ ಅಂದಿನಿಂದ ಬೆಲೆಯಿಲ್ಲ. ಚುಟ್ಟಾ ಸುಟ್ಟು ಮೊಟಕಾಗಿ ಬೀಳುವಾಗ ಯಾವ ಮಾತು ನಿಂತಿರುತ್ತದೋ ಅದೇ ಕಡೆಯ ಮಾತು. ಮುಂದೆ ಅದನ್ನು ಎತ್ತಿದವನು ಓಣಿಯ ಬಾಯಿಗೆ ಬೀಳುತ್ತಿದ್ದ.

ಹೀಗಾಗಿ ಎಲ್ಲವೂ ದಪ್ಪದ ಮೇಲೆ ನಿಂತಿತ್ತು. ಕೋಳಿ, ಬಚ್ಚಲು ನೀರು, ಮಕ್ಕಳು ಕಲ್ಲು ಒಗೆದದ್ದು, ಇಂಥವಕ್ಕೆಲ್ಲ ಕಿರುಬೆರಳ ದಪ್ಪದ್ದು ಸಾಕು. ಎರಡು ಬೈದಾಡಿ ಮುಗಿಸಿ ಮನೆಗೆ ಹೋಗಬಹುದು. ಗಂಡ ಹೆಂಡತಿ ಜಗಳಕ್ಕೆ ಉಂಗುರದ ಬೆರಳು. ಆಸ್ತಿ ಪಾಲು, ಮದುವೆ ಮಾತುಕತೆಗೆ ಹೆಬ್ಬೆರಳು. ಅಮಾತೆಪ್ಪ ಮೊದಲು ಜಗಳ ಕೇಳುತ್ತಿದ್ದ, ತೂಗಿ ನೋಡುತ್ತಿದ್ದ, ಆಮೇಲೆ ಒಳಗೆ ಹೋಗಿ ಸುತ್ತಿಕೊಂಡು ಬರುತ್ತಿದ್ದ. ಅಳತೆ ತಪ್ಪಿದ್ದು ಅಪರೂಪ. ತಪ್ಪಿದ್ದೇ ಇಲ್ಲವೇ ಎಂದರೆ, ಒಮ್ಮೆ ತಪ್ಪಿತ್ತು. ಹುಚ್ಚೇಶ ಮತ್ತು ಶಂಭು ಎಂಬ ಅಣ್ಣತಮ್ಮಂದಿರ ಮನೆಯ ಪಾಲಿನ ದಿನ ತಂಬಾಕು ಸಾಲದೆ ಉಂಗುರದ ಬೆರಳಿನದನ್ನೇ ಹಚ್ಚಿಬಿಟ್ಟ. ಅಡುಗೆಮನೆ ಯಾರಿಗೆ ಎಂಬ ಮಾತು ಎತ್ತುವಷ್ಟರಲ್ಲಿ ಬೆಂಕಿ ಬೆರಳಿಗೆ ಬಂದಿತ್ತು. ಹುಚ್ಚೇಶ “ಹೋಗಲೇ” ಅಂದ, ಶಂಭು “ನೀ ಹೋಗಲೇ” ಅಂದ, ಅಷ್ಟರಲ್ಲಿ ಚುಟ್ಟಾ ಮುಗಿಯಿತು. ಅದೇ ಕಡೆಯ ಮಾತಾಯಿತು. ಇವತ್ತಿಗೂ ಆ ಮನೆಯ ಒಲೆಯ ನಡುವೆ ಗೋಡೆ ಇದೆ. ಅಣ್ಣನ ಕಡೆ ಬೆಂಕಿ ಹಚ್ಚಿದರೆ ತಮ್ಮನ ಕಡೆ ಹೊಗೆ ಬರುತ್ತದೆ.

ಹೊಸ ಕಾಲದ ಹುಡುಗರು ಗುಟಕಾ ಚೀಟಿ ಹರಿದು ಬಾಯಿಗೆ ಸುರಿದುಕೊಳ್ಳುವುದನ್ನು ಕಂಡರೆ ಅಮಾತೆಪ್ಪನಿಗೆ ಮೈ ಉರಿಯುತ್ತಿತ್ತು. “ಬಾಯಾಗ ಹಾಕ್ಕೊಂಡಾವ ಉಗಳಾಕ ಏಳಬೇಕಾಗ್ತೈತಿ. ಎದ್ದು ಎದ್ದು ಹೋಗಾವನ ಜೋಡಿ ಏನ ಮಾತಾಡ್ತಿ?” ಸಿಗರೇಟನ್ನಂತೂ ಅವನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. “ಬಿಳಿ ಕಡ್ಡಿ. ‘ಆರಾಮ ಅದೀರೇನ್ರಿ’ ಅನ್ನೂದ್ರಾಗ ಮುಗೀತೈತಿ.”

ಹೆಂಡತಿ ಗುರುಲಿಂಗವ್ವನಿಗೆ ಈ ಹೊಗೆ ಶಾಸ್ತ್ರದಲ್ಲಿ ಕಿಂಚಿತ್ತೂ ನಂಬಿಕೆಯಿರಲಿಲ್ಲ. ಬೆಳಗಿನ ಜಾವ ಗಂಡ ಕೆಮ್ಮಲು ಶುರುಮಾಡಿದರೆ ಓಣಿಯ ಕೋಳಿಗಳು ಸುಮ್ಮನಾಗುತ್ತಿದ್ದವು, ತಮ್ಮ ಕೆಲಸವನ್ನು ಬೇರೆ ಯಾರೋ ಮಾಡುತ್ತಿದ್ದಾರೆಂದು. “ಊರ ಜಗಳ ಬಿಡಿಸಿ ಬಿಡಿಸಿ ನಿಮ್ಮ ಎದಿ ಒಲಿ ಆಗೇತಿ,” ಎಂದು ಆಕೆ ಬೈಯುತ್ತಿದ್ದಳು. “ಮಂದಿ ಜಗಳ ಆಡೂದು ಬ್ಯಾಸರಾಗಿ ನಿಲ್ಲಸ್ತಾರ. ಇವರು ಚುಟ್ಟಾದಿಂದ ನಿಂತೈತಿ ಅಂತಾರ. ಕಾಗಿ ಕುಂದ್ರೂದಕ್ಕೂ ಟೊಂಗಿ ಮುರಿಯೂದಕ್ಕೂ!” ಅಮಾತೆಪ್ಪ ಕೇಳಿಸಿಕೊಳ್ಳುತ್ತಿದ್ದ. ಬಾಯಿ ತುಂಬ ಹೊಗೆ ಇರುತ್ತಿತ್ತು.

ಇವರಿಗೆ ಒಬ್ಬಳೇ ಮಗಳು, ಮಹಾನಂದಾ. ಇಳಕಲ್ ಸೀರೆಯಲ್ಲಿ ಸೆರಗಿನ ಎಳೆ ಬೇರೆ, ಮೈಯ ಎಳೆ ಬೇರೆ. ಒಂದೊಂದೇ ಎಳೆಯನ್ನು ಇನ್ನೊಂದರಲ್ಲಿ ಸಿಕ್ಕಿಸಿ ಕೊಂಡಿ ಹಾಕಿ ಕೂಡಿಸಬೇಕು. ಕಣ್ಣು ಕೀಳುವ ಕೆಲಸ. ಶಾಲೆ ಬಿಟ್ಟಾಗಿನಿಂದ ಆ ಕೊಂಡಿ ಮಹಾನಂದಾಳದೇ. ಅಪ್ಪ ಕುಣಿಯ ಒಳಗೆ, ಮಗಳು ಕುಣಿಯ ಆಚೆ ಅಂಚಿನಲ್ಲಿ, ನಡುವೆ ಎಳೆಗಳು. ಇಬ್ಬರೂ ತಲೆ ಬಗ್ಗಿಸಿ ಕೂತರೆ ಮಾತಿಗೆ ಕೊನೆಯಿರುತ್ತಿರಲಿಲ್ಲ. ಓಣಿಯವರನ್ನೆಲ್ಲ ಅಣಕಿಸುತ್ತಿದ್ದರು. ಮಹಾನಂದಾ ಶಂಭುವಿನ ಹಾಗೆ “ನೀ ಹೋಗಲೇ” ಅಂದರೆ ಅಮಾತೆಪ್ಪ ನಕ್ಕು ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. ಮಗಳಿಗೆ ಮದುವೆಯ ವಯಸ್ಸಾಗುತ್ತಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಗೊತ್ತಿದ್ದದ್ದನ್ನೆಲ್ಲ ದಿನಾ ನೆನೆಯಬೇಕೆಂದು ಯಾರೂ ಕಟ್ಟಳೆ ಮಾಡಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಒಂದು ಅಮಾವಾಸ್ಯೆಗೆ ತಾಯಿ ಮಗಳು ಕೂಡಲಸಂಗಮಕ್ಕೆ ಹೋದವರು ಬಾದಾಮಿಯ ಒಂದು ಕುಟುಂಬದ ಪರಿಚಯ ಮಾಡಿಕೊಂಡು ಬಂದರು. ಬಂಡೆಪ್ಪ ಎಂಬ ಅರಿವೆ ಅಂಗಡಿಯವನು, ಅವನ ಹೆಂಡತಿ ಇಂದ್ರವ್ವ, ಮಗ ಸಂಗಮೇಶ. ಅವರೂ ನೇಕಾರ ಮನೆತನವೇ, ಈಗ ವ್ಯಾಪಾರಕ್ಕೆ ಇಳಿದವರು. ನದಿಯ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುವಾಗ ಇಂದ್ರವ್ವ ಶೇಂಗಾ ಹಿಂಡಿ ಕೊಟ್ಟಳು, ಗುರುಲಿಂಗವ್ವ ಕೆಂಪು ಚಟ್ನಿ ಕೊಟ್ಟಳು, ಸಂಗಮೇಶ ಮಹಾನಂದಾಳ ತಂಬಿಗೆಗೆ ನೀರು ತುಂಬಿಸಿಕೊಟ್ಟ. ಅಷ್ಟೇ ನಡೆದದ್ದು. ಆದರೆ ಊರಿಗೆ ಬಂದ ಮೇಲೆ ಮಹಾನಂದಾ ಕೊಂಡಿ ಹಾಕುವಾಗ ಎಳೆ ತಪ್ಪತೊಡಗಿದಳು. ಗುರುಲಿಂಗವ್ವ ನೋಡಿದಳು. ಒಂದು ದಿನ ನೇರವಾಗಿ ಕೇಳಿಯೇಬಿಟ್ಟಳು. ಮಗಳು ಎಳೆಗಳನ್ನು ನೋಡುತ್ತಲೇ, “ನಿಮ್ಮಿಬ್ಬರಿಗೂ ಒಪ್ಪಿಗಿ ಇದ್ರ ನನಗೂ ಒಪ್ಪಿಗಿ. ಆ ಮನಿ ಬಿಟ್ಟು ಬ್ಯಾರೆ ಮನಿ ನೋಡಬ್ಯಾಡ್ರಿ,” ಅಂದಳು. ಕುಣಿಯಲ್ಲಿದ್ದ ಅಮಾತೆಪ್ಪ ಲಾಳಿ ಹೊಡೆಯುವುದನ್ನು ನಿಲ್ಲಿಸಿ, “ಭಾಳ ಚೊಲೋ ಆತು,” ಎಂದ. ಆ ಮಾತು ಅವನಿಗೇ ಬೇರೆ ಯಾರೋ ಆಡಿದಂತೆ ಕೇಳಿಸಿತು.

ಬಾದಾಮಿಯಿಂದ ಎಸ್‌ಟಿಡಿ ಬೂತಿಗೆ ಫೋನು ಬಂತು. ಸೋಮವಾರ ಮಾತುಕತೆಗೆ ಬರುತ್ತೇವೆ, ನಿಮ್ಮ ಓಣಿಯ ಪದ್ಧತಿ ಕೇಳಿದ್ದೇವೆ, ಅದರಂತೆಯೇ ಆಗಲಿ ಎಂದಿದ್ದ ಬಂಡೆಪ್ಪ.

ಅಮಾತೆಪ್ಪ ತಂಬಾಕಿಗೆಂದು ರಂಜಾನಬಿಯ ಅಂಗಡಿಗೆ ಹೋದ. ಗಂಡ ತೀರಿದ ಮೇಲೆ ಅಂಗಡಿ ನಡೆಸಿಕೊಂಡು ಬಂದ ಹೆಂಗಸು, ಯಾರಿಗೆ ಎಷ್ಟು ಎಲೆ ಬೇಕೆಂದು ಮುಖ ನೋಡಿ ಹೇಳುವಳು. ಅಂದು ಅಮಾತೆಪ್ಪ ಕೇಳಿದ್ದನ್ನು ಕೇಳಿ ಆಕೆ ತಕ್ಕಡಿಯನ್ನೇ ಕೆಳಗಿಟ್ಟಳು.

“ಇಷ್ಟ್ಯಾಕ್ರಿ ಅಣ್ಣಾ? ಓಣಿ ಮಂದಿ ಎಲ್ಲಾ ಒಮ್ಮೆಲೆ ಜಗಳ ಆಡ್ಯಾರೇನು?”

“ಮಗಳ ಮಾತುಕತಿ ಐತಿ.”

“ಮದಿವಿಗೆ ಹೆಬ್ಬಟ್ಟಿನ ದಪ್ಪ ಅಂತ ನೀವ ಹೇಳ್ತಿದ್ರಿ.”

“ಅದು ಮಂದಿ ಮಕ್ಕಳಿಗೆ,” ಎಂದ ಅಮಾತೆಪ್ಪ. “ನಮ್ಮ ಮಹಾನಂದಾಗ ಹೆಬ್ಬಟ್ಟು ಸಾಲಂಗಿಲ್ಲ.”

“ನೋಡ್ರಿ ಮತ್ತ. ಅತೀ ದಪ್ಪಂದು ಎಳಿಯಾಕ ಆನಿ ಎದಿ ಬೇಕು,” ಎಂದು ರಂಜಾನಬಿ ಎಲೆ ಕಟ್ಟಿಕೊಟ್ಟಳು. ವ್ಯಾಪಾರ ಬಂದಾಗ ಅದಕ್ಕಿಂತ ಹೆಚ್ಚು ಬುದ್ಧಿ ಹೇಳುವುದು ಅಂಗಡಿಯವರ ಧರ್ಮವಲ್ಲ.

ರವಿವಾರ ಮಧ್ಯಾಹ್ನವೆಲ್ಲ ಅಮಾತೆಪ್ಪ ಸುತ್ತಿದ. ಹೆಬ್ಬೆರಳ ದಪ್ಪಕ್ಕೆ ಬಂತು, ಸಮಾಧಾನವಾಗಲಿಲ್ಲ. ಇನ್ನೊಂದು ಎಲೆ ಸುತ್ತಿದ. ಬೇಗ ಮುಗಿದುಬಿಟ್ಟರೆ? ಮಾತಾಡುವುದು ಬಹಳ ಇರುತ್ತದೆ, ಹುಡುಗ ಹೇಗೆ, ಮನೆ ಹೇಗೆ, ಅತ್ತೆಯ ಬಾಯಿ ಹೇಗೆ, ಎಲ್ಲ ಕೇಳಬೇಡವೇ? ಇನ್ನೊಂದು ಎಲೆ. ಸಂಜೆಗೆ ಅದು ಮಗ್ಗದ ಲಾಳಿಯಷ್ಟು ದಪ್ಪವಾಗಿ, ಅದಕ್ಕೆ ತಕ್ಕ ಉದ್ದವೂ ಆಗಿ, ತೊಡೆಯ ಮೇಲೆ ಉರುಳುವುದನ್ನು ಬಿಟ್ಟಿತು. ನೂಲು ಸುತ್ತಿ ಕಟ್ಟಿ ಗೂಡಿನಲ್ಲಿಟ್ಟ. ಗುರುಲಿಂಗವ್ವ ಕಸ ಗುಡಿಸಲು ಬಂದವಳು ನೋಡಿ, “ಏನ್ರಿ ಇದು, ಒನಕಿ?” ಎಂದಳು. ಮಹಾನಂದಾ ನಕ್ಕಳು. ಅಮಾತೆಪ್ಪ ಮಾತ್ರ ನಗಲಿಲ್ಲ.

ಸೋಮವಾರ ಬೀಗರು ಹುನಗುಂದದಲ್ಲಿ ಬಸ್ಸು ಬದಲಿಸಿ, ಅಮೀನಗಡದ ಕರದಂಟಿನ ಪೊಟ್ಟಣ ಹಿಡಿದುಕೊಂಡು ಬಂದರು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಉಪ್ಪಿಟ್ಟು, ಚಹಾ ಆಯಿತು. ಬಂಡೆಪ್ಪ ತೆಳ್ಳನೆಯ ಮನುಷ್ಯ, ದಿನಕ್ಕೆರಡು ಬೀಡಿಯನ್ನು ಬೆರಳ ತುದಿಯಲ್ಲಿ ಹಿಡಿದು, ಯಾರಾದರೂ ನೋಡುತ್ತಾರೇನೋ ಎಂಬಂತೆ ಸೇದುವ ಪೈಕಿ. ಅಮಾತೆಪ್ಪ ಗೂಡಿನಿಂದ ಚುಟ್ಟಾ ತೆಗೆದಾಗ ಅವನು ಅದನ್ನು ಯಾವುದೋ ಸಾಮಾನು ಎಂದುಕೊಂಡ.

ಕಡ್ಡಿ ಗೀರಿದರೆ ಹತ್ತಲಿಲ್ಲ. ಇನ್ನೊಂದು ಗೀರಿದರೂ ಹತ್ತಲಿಲ್ಲ. ಸಣ್ಣದಾದರೆ ತುದಿಗೆ ಬೆಂಕಿ ತೋರಿಸಿದರೆ ಸಾಕು, ಇದಕ್ಕೆ ತುದಿ ಎಂಬುದೇ ಒಂದು ಅಂಗಳದಷ್ಟಿತ್ತು. ಒಂದು ಮೂಲೆ ಕೆಂಪಾದರೆ ಇನ್ನೊಂದು ಮೂಲೆ ಕಪ್ಪು. ಕಡೆಗೆ ಗುರುಲಿಂಗವ್ವ ಇಕ್ಕಳದಲ್ಲಿ ಒಲೆಯ ಕೆಂಡವನ್ನೇ ತಂದು ಹಿಡಿದಳು. ಅಮಾತೆಪ್ಪ ಕತ್ತಿನ ನರ ಉಬ್ಬುವಂತೆ ಎಳೆದು ಹೊತ್ತಿಸಿ ಬೀಗರ ಕೈಗೆ ಕೊಟ್ಟ. ಬಂಡೆಪ್ಪ ಮುಷ್ಟಿಯಲ್ಲಿ ಹಿಡಿಯಲು ನೋಡಿದ, ಮುಷ್ಟಿ ಮುಚ್ಚಲಿಲ್ಲ. ಎರಡೂ ಕೈ ಕೂಡಿಸಿ ಶಂಖ ಊದುವವನ ಹಾಗೆ ಬಾಯಿಗೆ ಹಿಡಿದು ಎಳೆದ. ಏನೂ ಬರಲಿಲ್ಲ. ಮತ್ತೆ ಎಳೆದ. ಮೂರನೆಯ ಸಲ ಬಂದ ಹೊಗೆ ಅವನ ಜೀವಮಾನದ ಬೀಡಿಗಳೆಲ್ಲ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚಾಗಿತ್ತು. ಇಂದ್ರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಆದರೆ ಅಮಾತೆಪ್ಪನ ಶಾಸ್ತ್ರ ಸುಳ್ಳಾಗಲಿಲ್ಲ. ಹೊಗೆ ತಣ್ಣಗೆ, ಮೆತ್ತಗೆ, ಬಾಯಿ ತುಂಬ ಬಂತು. ಬಂಡೆಪ್ಪ ಗೋಡೆಗೆ ಒರಗಿ ಬಹಳ ದೊಡ್ಡ ಮನಸ್ಸಿನವನಾದ.

“ಹುಡುಗಿ ನಮಗ ಪಸಂದ ಐತ್ರಿ. ಕೊಡೂದು ತಗೊಳ್ಳೂದು ನಮ್ಮ ಮನಿಯಾಗ ಇಲ್ಲ. ನಿಮ್ಮ ಮಗಳ್ನ ನಮ್ಮ ಮಗಳಂಗ ನೋಡ್ಕೋತೇವಿ. ಮುಂದಿಂದು ನೀವು ಹೇಳಿದಂಗ.”

“ನಾ ಏನ ಹೇಳ್ಲಿ. ನೀವು ಹೇಳಿದಂಗ,” ಎಂದ ಅಮಾತೆಪ್ಪ.

ಮುಗಿಯಿತು! ಗುರುಲಿಂಗವ್ವ ಸಕ್ಕರೆ ತಂದು ಎಲ್ಲರ ಬಾಯಿ ಸಿಹಿ ಮಾಡಿದಳು. ಸಂಗಮೇಶ ತಲೆ ತಗ್ಗಿಸಿದ, ಮಹಾನಂದಾ ಬಾಗಿಲ ಹಿಂದೆ ಸರಿದಳು. ಎಲ್ಲರೂ ಚುಟ್ಟಾದ ಕಡೆ ನೋಡಿದರು. ಅದು ಉಗುರಿನಷ್ಟು ಸುಟ್ಟಿತ್ತು. ಹಿಂದೆ ಉಳಿದದ್ದು ಇಡೀ ಒಂದು ಲಾಳಿ.

ಇಲ್ಲಿಂದ ಶುರುವಾಯಿತು ಕಷ್ಟ. ಏಳುವಂತಿಲ್ಲ, ಆರಿಸುವಂತಿಲ್ಲ. ಬಂಡೆಪ್ಪನಿಗೆ ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಆ ಬಸ್ಸು ಬಂದಿತು, ಹೋಯಿತು. ನೂಲಿನ ರೇಟಿನ ಮಾತಾಯಿತು. ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ್ದೆಂದು ಮಾರುವವರಿಗೆ ಇಬ್ಬರೂ ಸೇರಿ ಶಾಪ ಹಾಕಿದರು. ರಾಮಥಾಳದ ಕಡೆ ಹೊಲಗಳಿಗೆ ನೀರು ಬರುತ್ತದೋ ಇಲ್ಲವೋ ಎಂಬುದನ್ನು, ಇಬ್ಬರಿಗೂ ಅಲ್ಲಿ ಗೇಣು ಹೊಲವಿಲ್ಲದಿದ್ದರೂ, ಬಹಳ ಹೊತ್ತು ಚರ್ಚಿಸಿದರು. ಬಾದಾಮಿಯ ಮಂಗವೊಂದು ಅಂಗಡಿಗೆ ನುಗ್ಗಿ ಹೊಸ ಸೀರೆಯ ಸೆರಗು ಹೊದ್ದುಕೊಂಡು ಗುಡ್ಡ ಹತ್ತಿದ್ದನ್ನು ಬಂಡೆಪ್ಪ ಹೇಳಿದ. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಮತ್ತೆ ಚುಟ್ಟಾದ ಕಡೆ ನೋಡಿದರು. ಅರ್ಧವೂ ಆಗಿರಲಿಲ್ಲ.

ಮಾತು ಖಾಲಿಯಾಯಿತು. ಮಾತು ಖಾಲಿಯಾದಾಗ ಮನುಷ್ಯ ಸುಮ್ಮನೆ ಕೂತರೆ ಲೋಕದಲ್ಲಿ ಅರ್ಧ ತಾಪತ್ರಯ ಇರುತ್ತಿರಲಿಲ್ಲ. ಅಮಾತೆಪ್ಪ ಒಂದು ದೊಡ್ಡ ದಮ್ಮು ಎಳೆದು, ಹೊಗೆ ಬಿಟ್ಟು, ಯಾಕೆ ಕೇಳುತ್ತಿದ್ದೇನೆಂದು ತನಗೇ ತಿಳಿಯದೆ ಕೇಳಿದ:

“ಅಲ್ರೀ ಬೀಗರ, ನಿಮ್ಮ ಅಣ್ಣಾರ ಲಗ್ನ ಕೆರೂರಾಗ ಆತಲ್ರಿ, ನೆಪ್ಪೈತೇನು?”

“ನೆಪ್ಪಿಲ್ದ ಏನ್ರಿ. ಭಾರಿ ಲಗ್ನ.”

“ಭಾರೀನ ಬಿಡ್ರಿ. ಸುತ್ತಿನ ನೇಕಾರ ಮಂದೀನೆಲ್ಲಾ ಕರದಿದ್ರಿ. ಆ ಪಂಕ್ತಿಯಾಗ ನಮ್ಮ ಕಾಕಾ ಕುಂತಿದ್ದ. ಹೋಳಿಗಿ ಬಡಿಸಿದ್ರು. ತುಪ್ಪದಾವ ಬಂದ. ಈ ಎಲಿಗೆ ಹಾಕಿದ, ಆ ಎಲಿಗೆ ಹಾಕಿದ, ನಡುವ ನಮ್ಮ ಕಾಕಾನ ಎಲಿ ದಾಟಿ ಹೋದ.”

ಬಂಡೆಪ್ಪ ಗೋಡೆ ಬಿಟ್ಟು ನೆಟ್ಟಗೆ ಕೂತ. “ಯಾರು ದಾಟಿದ್ದು?”

“ಯಾರೋ ಪಾಪ. ತುಪ್ಪದ ಮಿಳ್ಳಿ ನಿಮ್ಮ ಕೈಯಾಗಿತ್ತು ಅಂತ ಕೇಳೀನಿ.”

“ನಿಮ್ಮ ಕಾಕಾ ಎಲಿಗೆ ಕೈ ಅಡ್ಡ ಹಿಡಿದಿದ್ದ! ಸಾಕು ಸಾಕು ಅಂದ!”

“ಅಂವ ಸಾಕು ಅಂದದ್ದು ಸಾರಿಗೆ!”

“ಹೋಳಿಗಿ ಮ್ಯಾಲ ಯಾರರೆ ಸಾರು ಹಾಕಸ್ಕೋತಾರೇನ್ರಿ? ಏನ ಮಾತಾಡ್ತೀರಿ?”

“ಸಾಯೂ ತನಕ ನೆನಸಿದ ನಮ್ಮ ಕಾಕಾ. ಹಾಸಿಗಿ ಹಿಡದಾಗೂ ‘ಬಾದಾಮಿಯವರು ನನಗ ತುಪ್ಪ ಹಾಕಲಿಲ್ಲೋ’ ಅಂದ.”

“ಹಂಗಾರ ತುಪ್ಪ ಹಾಕದಿದ್ದ ಮನಿಗೆ ಮಗಳ್ನ ಯಾಕ ಕೊಡ್ತೀರಿ? ಬ್ಯಾಡ್ರಿ. ಈ ಸಂಬಂಧನ ಬ್ಯಾಡ!”

ಬಂಡೆಪ್ಪ ಎದ್ದೇಬಿಟ್ಟ, ಅರ್ಧ. ಅಷ್ಟರಲ್ಲಿ ಜಮಖಾನೆಯ ಆಚೆ ಕೂತಿದ್ದ ಇಂದ್ರವ್ವ ಅವನ ಧೋತರದ ಚುಂಗು ಹಿಡಿದು ಜಗ್ಗಿದಳು. ಚುಟ್ಟಾ ಉರಿಯುತ್ತಿತ್ತು. ಬಂಡೆಪ್ಪ ಹಲ್ಲು ಕಡಿಯುತ್ತ ಮತ್ತೆ ಕೂತ. ಸಿಟ್ಟು ಬಂದವನು ಎದ್ದು ಹೋಗಬೇಕು, ಬಾಗಿಲು ಬಡಿಯಬೇಕು, ಆಗ ಸಿಟ್ಟಿಗೊಂದು ಮರ್ಯಾದೆ. ಇಲ್ಲಿ ಅದಕ್ಕೂ ದಾರಿಯಿರಲಿಲ್ಲ. ಇಬ್ಬರೂ ಬೆನ್ನು ತಿರುಗಿಸಿ ಕೂತರು. ಚುಟ್ಟಾ ಕೊಡಬೇಕಾದಾಗ ಹಿಂದಕ್ಕೆ ಕೈ ಚಾಚಿ ಕೊಟ್ಟರು.

ಅಮಾತೆಪ್ಪನಿಗೆ ಆಗ ಹೊಳೆಯಿತು. ಈಗ ನಿಂತಿರುವ ಮಾತು “ಬ್ಯಾಡ”. ಚುಟ್ಟಾ ಈಗ ಮುಗಿದರೆ ಅದೇ ಕಡೆಯ ಮಾತು. ಅವನು ತನ್ನ ಸರದಿ ಬಂದಾಗ ಎಳೆದಂತೆ ಮಾಡಿ ಬರೀ ಗಾಳಿ ನುಂಗಿದ, ಚುಟ್ಟಾ ಸವೆಯದಿರಲೆಂದು. ಬಂಡೆಪ್ಪನದು ಬೇರೆ ಲೆಕ್ಕ. ಇದು ಬೇಗ ಮುಗಿದರೆ ಬೇಗ ಎದ್ದೇನು ಎಂದು ಕಮ್ಮಾರನ ತಿದಿಯ ಹಾಗೆ ಎಳೆದ. ದಪ್ಪ ಚುಟ್ಟಾ ಅವಸರಕ್ಕೆ ಬಗ್ಗುವ ಜಾತಿಯದಲ್ಲ. ಎಷ್ಟು ಎಳೆದರೂ ಅದು ತನ್ನ ನಡಿಗೆಯಲ್ಲೇ ನಡೆಯಿತು. ಬಂಡೆಪ್ಪನಿಗೆ ಮಾತ್ರ ಕಣ್ಣು ಮಂಜಾದವು, ಹಣೆಯ ಮೇಲೆ ಬೆವರು ಸಾಲುಗಟ್ಟಿತು, ಮುಖ ಹಣ್ಣೆಲೆಯ ಬಣ್ಣಕ್ಕೆ ಬಂತು.

“ಯವ್ವಾ, ಪಡಸಾಲಿ ತಿರಗಾಕತ್ತೇತಿ,” ಎಂದ ಅವನು ಕಂಬ ಹಿಡಿದು.

“ತಿರಗಲಿ. ತುಪ್ಪ ಹಾಕಿದ್ರ ಇದೆಲ್ಲಾ ಇರ್ತಿದ್ದಿಲ್ಲ,” ಎಂದಳು ಇಂದ್ರವ್ವ, ಸೆರಗಿನಿಂದ ಗಾಳಿ ಹಾಕುತ್ತ.

ಆಗ ಗುರುಲಿಂಗವ್ವ ಅಡುಗೆಮನೆಯಿಂದ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಗಂಡನ ಮುಂದೆ, ಬೀಗರ ಎದುರಿಗೇ ಕೂತಳು. ಓಣಿಯಲ್ಲಿ ಹೆಂಗಸರು ಮದುವೆ ಮಾತುಕತೆಯ ಜಮಖಾನೆಯ ಮೇಲೆ ಕೂತದ್ದಿಲ್ಲ. ಆಕೆ ಕೂತಳು.

“ಏನ್ರಿ, ನಿಮ್ಮ ಕಾಕಾ ನಿಮಗ ಯಾವಾಗಿನಿಂದ ಅಷ್ಟ ಬೇಕಾದಾಂವ ಆದ? ಅಂವ ಸತ್ತಾಗ ಮಗ್ಗ ಬಿಟ್ಟು ಎದ್ದು ಬಂದಿದ್ದಿಲ್ಲ ನೀವು. ಹಾಸಿನ ಎಳಿ ಕೆಡ್ತಾವ ಅಂದಿದ್ರಿ. ಇವತ್ತ ಅವನ ಎಲಿ ಮ್ಯಾಲಿನ ತುಪ್ಪ ನೆಪ್ಪಾತು!”

ಅಮಾತೆಪ್ಪ ಜಮಖಾನೆಯ ಅಂಚು ಎಳೆದು ಸರಿಮಾಡಿದ.

“ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ದನಂತ. ಮಾತು ಮುಗದಿತ್ತು, ಬಾಯಿ ಸಿಹಿ ಆಗಿತ್ತು. ಮ್ಯಾಲ ಕುಂತು ಕೆರದು ಕೆರದು ಹುಣ್ಣು ಮಾಡಿದ್ರಿ. ಯಾಕ ಹೇಳ್ರಿ? ಎಲ್ಲಾರ ಮಕ್ಕಳಿಗೆ ಹೆಬ್ಬಟ್ಟಿನ ದಪ್ಪ ಸುತ್ತಿದಾವ್ರು ನಮ್ಮ ಮಗಳಿಗೆ ಲಾಳಿ ದಪ್ಪ ಯಾಕ ಸುತ್ತೀರಿ?” ಆಕೆಯ ದನಿ ಸಣ್ಣದಾಯಿತು. “ನಿಮಗ ಆಕಿನ್ನ ಕಳಸೂ ಮನಸಿಲ್ಲ. ಇದು ಮುಗೀಬಾರದು ಅಂತನ ಸುತ್ತೀರಿ ನೀವು. ನನಗರೆ ಮನಸೈತಿ ಅಂತ ತಿಳದೀರೇನು?”

ಅಮಾತೆಪ್ಪನಿಗೆ ರವಿವಾರದ ಮಧ್ಯಾಹ್ನ ನೆನಪಾಯಿತು. ಒಂದು ಎಲೆ, ಇನ್ನೊಂದು ಎಲೆ. ಹುಡುಗನ ಬಗ್ಗೆ ಕೇಳಬೇಕು, ಮನೆಯ ಬಗ್ಗೆ ಕೇಳಬೇಕು ಎಂದುಕೊಂಡಿದ್ದನಲ್ಲ, ಒಂದನ್ನಾದರೂ ಕೇಳಿದ್ದನೇ? ಇಲ್ಲ. ಕೇಳಿದ್ದು ತುಪ್ಪ. ಖರೆ ಹೇಳಬೇಕೆಂದರೆ ಅವನಿಗೆ ಮಗಳನ್ನು ಕೊಡಲು ಮನಸ್ಸಿರಲಿಲ್ಲ. ಸಂಗಮೇಶನಿಗೆ ಅಂತಲ್ಲ, ಯಾರಿಗೂ. ಊರವರ ಜಗಳ ಬಿಡಿಸಿದವನು ತನ್ನ ಮಗಳ ಮದುವೆಯಲ್ಲಿ ಜಗಳ ತೆಗೆದದ್ದು ಬುದ್ಧಿಯಿಲ್ಲದೆ ಅಲ್ಲ, ಹೊಟ್ಟೆಯ ಸಂಕಟಕ್ಕೆ. ಅದು ತಿಳಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಬೀಗರ ಮುಂದೆಯೇ ಗಳಗಳ ಅತ್ತ.

ಬಾಗಿಲ ಹಿಂದಿನಿಂದ ಮಹಾನಂದಾ ಹೊರಗೆ ಬಂದಿದ್ದಳು. ಆಕೆಯ ಮುಖದಲ್ಲಿ ನಗುವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅಪ್ಪನನ್ನು ನೋಡುತ್ತ ನಿಂತಿದ್ದಳು, ಅವನು ಏನು ಹೇಳುತ್ತಾನೋ ಎಂಬ ಒಂದೇ ಭಯದಲ್ಲಿ. ಕೊಂಡಿ ಹಾಕುವ ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು.

ಅಮಾತೆಪ್ಪ ಬಂಡೆಪ್ಪನ ಕಡೆ ಕೈ ಚಾಚಿದ. “ಕೊಡ್ರಿಲ್ಲೆ.”

ಬಂಡೆಪ್ಪ ಚುಟ್ಟಾ ಕೊಟ್ಟ. ಇನ್ನೂ ಅರ್ಧಕ್ಕೆ ಅರ್ಧ ಉಳಿದಿತ್ತು, ಕೆಂಪಗೆ ಉರಿಯುತ್ತಿತ್ತು. ಅಮಾತೆಪ್ಪ ಒಮ್ಮೆ ಅದನ್ನು ನೋಡಿದ. ಆಮೇಲೆ ಬೀಗರ ಕಾಲಿಗೆ ಕೊಟ್ಟ ನೀರು ಉಳಿದಿದ್ದ ತಂಬಿಗೆಯಲ್ಲಿ ಅದನ್ನು ಅದ್ದಿಬಿಟ್ಟ. ಚೊಂಯ್ ಎಂದು ಸದ್ದಾಯಿತು. ಗುರುಲಿಂಗವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಆರಿಸೀನಿ,” ಎಂದ ಅವನು. “ಚುಟ್ಟಾ ಮುಗೀಲಿಲ್ಲ, ‘ಬ್ಯಾಡ’ ಅನ್ನೂದು ಕಡೀ ಮಾತಾಗಲಿಲ್ಲ. ಇನ್ನ ಮ್ಯಾಲ ಈ ಓಣಿಯಾಗ ನನ್ನ ಮಾತಿಗೆ ಬೆಲಿ ಇಲ್ಲ. ಇಲ್ಲದಿದ್ರ ಇಲ್ಲ. ಎಲ್ಲಾರೂ ತಮ್ಮ ಜಗಳ ತಾವ ಬಿಡಿಸ್ಕೊಳ್ಳಿ. ಬೀಗರ, ತುಪ್ಪದ ಮಾತು ನಾ ಆಡಬಾರದಿತ್ತು. ತಪ್ಪು ನಂದು. ಮಗಳು ನಿಮ್ಮಕಿ.”

ಬಂಡೆಪ್ಪ ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದ್ದವನು ಮೆಲ್ಲಗೆ ಕಣ್ಣು ತೆರೆದ. ಅವನಿಗೂ ಒಬ್ಬ ಮಗಳಿದ್ದಳು, ಬಾಗಲಕೋಟೆಗೆ ಕೊಟ್ಟಿದ್ದ. ಆಕೆ ಬಸ್ಸು ಹತ್ತಿದ ದಿನ ಅಂಗಡಿಯ ಬಾಗಿಲು ತೆರೆಯದೆ ಒಳಗೆ ಕೂತಿದ್ದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

“ಬಿಡ್ರಿ ಬೀಗರ,” ಎಂದ. “ನನಗೂ ಗೊತ್ತೈತಿ ಅದು. ಆದ್ರ ಇದನ್ನ ಒಂದ ತಾಸು ಮೊದಲ ಆರಿಸಿದ್ರ ನನ್ನ ಜೀವ ಉಳೀತಿತ್ತಲ್ರಿ.” ಇಂದ್ರವ್ವ ನಕ್ಕಳು, ಗುರುಲಿಂಗವ್ವ ಕಣ್ಣೊರಸಿಕೊಂಡು ನಕ್ಕಳು. ಸಂಗಮೇಶ ಅಪ್ಪನ ತಲೆಗೆ ನೀರು ತಟ್ಟಲು ಬಚ್ಚಲಿಗೆ ಓಡಿದ.

ಬಂಡೆಪ್ಪ ಸ್ವಲ್ಪ ಹೊತ್ತು ಸುಧಾರಿಸಿಕೊಂಡು, ಪದ್ಧತಿಯ ಹೆದರಿಕೆ ಇನ್ನೂ ಬಿಡದೆ, ಸಣ್ಣ ಹುಡುಗನ ಹಾಗೆ ಕೇಳಿದ:

“ಈಗ ಏಳಬೌದೇನ್ರಿ?”

“ಏಳ್ರಿ ಏಳ್ರಿ, ಎಲ್ಲಾರೂ ಏಳ್ರಿ. ಊಟಕ್ಕ ಏಳ್ರಿ,” ಎಂದ ಅಮಾತೆಪ್ಪ. ಬೀಗರು ಎದ್ದರು. ಗುರುಲಿಂಗವ್ವ ಎದ್ದಳು. ಮಹಾನಂದಾ ಮಾತ್ರ ಬಂದು ಅವನ ಪಕ್ಕದಲ್ಲಿ ನಿಂತು, “ಯಪ್ಪಾ, ನೀ ಏಳಂಗಿಲ್ಲೇನು?” ಎಂದಳು.

“ನೀ ನಡಿಯವ್ವಾ. ಅವರಿಗೆ ಬಡಸು,” ಎಂದ ಅಮಾತೆಪ್ಪ. “ನಾ ಇನ್ನೊಂದಿಷ್ಟು ಕುಂದರ್ತೇನಿ.”